ನೆಲದಿಂದೆದ್ದ ಒಲೆ

ಹಳೆಯ ಮನೆಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹೆಬ್ಬಾಗಿಲ ಕೆತ್ತನೆ, ಜಗುಲಿಯ ಕಂಬ, ನಡುಮನೆಯ ತೊಟ್ಟಿ ಇಷ್ಟರಲ್ಲೇ ನಿಂತುಬಿಡುತ್ತಾರೆ. ಅಡುಗೆಮನೆಯವರೆಗೆ ಬರುವವರು ಕಡಿಮೆ. ಬಂದರೂ ಅಲ್ಲಿ ನೋಡುವುದಕ್ಕೆ ಮಸಿ ಹಿಡಿದ ಗೋಡೆಯಲ್ಲದೆ ಇನ್ನೇನಿದೆ? ಆದರೆ ಕಳೆದ ಅರವತ್ತು ಎಪ್ಪತ್ತು ವರ್ಷಗಳಲ್ಲಿ ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬದಲಾದ ಕೋಣೆ ಅದೇ. ಜಗುಲಿ ಹೋಗಿ ಸಿಟೌಟ್ ಬಂತು, ನಡುಮನೆ ಹಾಲ್ ಆಯಿತು. ಹೆಸರು ಬದಲಾದರೂ ಅಲ್ಲಿ ಕೂತು ಮಾತಾಡುವ ಕೆಲಸ ಬದಲಾಗಲಿಲ್ಲ. ಅಡುಗೆಮನೆಯಲ್ಲಿ ಮಾತ್ರ ಕೂತು ದುಡಿಯುತ್ತಿದ್ದವಳು ಎದ್ದು ನಿಂತಳು. ಆಕೆ ಎದ್ದು ನಿಂತದ್ದು ಹೇಗೆ, ಯಾರು ನಿಲ್ಲಿಸಿದರು ಎಂಬುದು ಯೋಚಿಸಬೇಕಾದ ವಿಷಯ.

ನಾನು ಬಲ್ಲದ್ದು ಮಲೆನಾಡಿನ ಅಡುಗೆಮನೆ. ಅದು ಮನೆಯ ತೀರ ಒಳಗಿನ, ತೀರ ಕತ್ತಲೆಯ ಕೋಣೆ. ಆಗ್ನೇಯ ಮೂಲೆಯಲ್ಲಿರಬೇಕೆಂಬುದು ಶಾಸ್ತ್ರ, ಹೊರಗಿನವರ ಕಣ್ಣಿಗೆ ಬೀಳಬಾರದೆಂಬುದು ಮಡಿ. ಎರಡೂ ಸೇರಿ ಕಿಟಕಿಯನ್ನು ಗೇಣಗಲಕ್ಕೆ ಇಳಿಸಿದ್ದವು. ಸೆಗಣಿ ಸಾರಿಸಿದ ನೆಲ, ಮಣ್ಣಿನ ಒಲೆ, ಅದರ ಉರಿಯನ್ನೇ ಹಂಚಿಕೊಳ್ಳುವ ಕೋಡೊಲೆ. ಒಲೆಯ ಮುಂದೊಂದು ಮಣೆ, ಕೈಗೆ ಸಿಗುವಂತೆ ಊದುಗೊಳವೆ, ಈಳಿಗೆಮಣೆ, ಮೂಲೆಯಲ್ಲಿ ನೆಲಕ್ಕೆ ಹೂತ ಒರಳು. ಹೆಚ್ಚುವುದು, ಅರೆಯುವುದು, ಬೇಯಿಸುವುದು, ಉಣ್ಣುವುದು ಎಲ್ಲವೂ ನೆಲದ ಮಟ್ಟದಲ್ಲೇ ನಡೆಯುತ್ತಿದ್ದವು.

ಹೊಗೆ ಹೋಗಲೆಂದು ಯಾರೂ ಬೇರೆ ದಾರಿ ಮಾಡಿರಲಿಲ್ಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ, ಸೋಗೆ ಹೊದಿಸಿದ ಮಾಡುಗಳಿಗೆ ನಿಧಾನವಾಗಿ ಹಂಚು ಬಂತು. ಹಂಚಿನ ಸಂದಿಯೇ ಹೊಗೆಯ ದಾರಿ. ನಡುವೆ ಗಾಜಿನ ಹಂಚೊಂದನ್ನು ಇಟ್ಟರೆ ಒಂದು ಕೋಲು ಬಿಸಿಲು ಒಲೆಯ ಹತ್ತಿರ ಬೀಳುತ್ತಿತ್ತು. ಅದು ಎಲ್ಲಿಗೆ ಬಂದಿದೆಯೆಂದು ನೋಡಿ ಅನ್ನಕ್ಕೆ ನೀರಿಡುತ್ತಿದ್ದರು. ಹೊಗೆಗೂ ಮನೆಯಲ್ಲಿ ಕೆಲಸವಿತ್ತೆನ್ನಿ. ಒಲೆಯ ಮೇಲಿನ ಅಟ್ಟದಲ್ಲಿಟ್ಟ ಬಿತ್ತನೆ ಬೀಜಕ್ಕೆ, ಬಾಳಕದ ಮೆಣಸಿಗೆ, ಬೆತ್ತದ ಬುಟ್ಟಿಗೆ ಹುಳ ಹಿಡಿಯುತ್ತಿರಲಿಲ್ಲ. ಆಷಾಢದ ಮಳೆಯಲ್ಲಿ ಎಳೆಮಕ್ಕಳ ಬಟ್ಟೆ ಒಣಗುವುದಕ್ಕೂ ಅದೊಂದೇ ಜಾಗ. ಆದರೆ ಅಟ್ಟದ ಮರಕ್ಕೆ ಒಳ್ಳೆಯದಾದ ಹೊಗೆ ಒಲೆಯ ಮುಂದೆ ಕೂತವಳಿಗೆ ಆಗಿಬರಲಿಲ್ಲ. ನನ್ನ ಅಜ್ಜಿಗೆ ಐವತ್ತು ದಾಟುವಷ್ಟರಲ್ಲಿ ಕಣ್ಣು ಸದಾ ನೀರಾಡುತ್ತಿತ್ತು, ಬೆಳಗಿನ ಜಾವ ಬಿಡದ ಕೆಮ್ಮು. ಎಲ್ಲರೂ ಅದನ್ನು ವಯಸ್ಸು ಎಂದರು. ಹೊಗೆ ಎಂದು ಯಾರೂ ಅನ್ನಲಿಲ್ಲ.

ನಮ್ಮ ರಾಜ್ಯದಲ್ಲಿ ಆ ಹೊಗೆಯನ್ನು ಲೆಕ್ಕಕ್ಕೆ ತೆಗೆದುಕೊಂಡವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮುಖ್ಯರು. ಹಳ್ಳಿಗೆ ಒದಗುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಅಲ್ಲಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. 1980ರ ದಶಕದ ಆರಂಭದಲ್ಲಿ ಅವರು ರೂಪಿಸಿದ ಒಲೆಯಲ್ಲಿ ಮೂರು ಪಾತ್ರೆಗಳನ್ನು ಒಟ್ಟಿಗೆ ಇಡಬಹುದಿತ್ತು; ಗಾಳಿ ಅಳತೆಯಲ್ಲಿ ಒಳಬಂದು, ಹೊಗೆ ಕೊಳವೆಯ ಮೂಲಕ ಮಾಡಿನಾಚೆ ಹೋಗುತ್ತಿತ್ತು. ಸೌದೆಯೂ ಉಳಿಯುತ್ತಿತ್ತು. ಜನ ಅದನ್ನು 'ಅಸ್ತ್ರ ಒಲೆ' ಎಂದೇ ಕರೆದರು. ಕೇಂದ್ರ ಸರ್ಕಾರವೂ 1983ರಲ್ಲಿ ಸುಧಾರಿತ ಒಲೆಗಳ ಕಾರ್ಯಕ್ರಮ ಆರಂಭಿಸಿ 2002ರವರೆಗೆ ನಡೆಸಿತು. ಒಲೆಯೇನೋ ಒಳ್ಳೆಯದೇ. ಆದರೆ ಅದಕ್ಕೆ ಸೌದೆಯನ್ನು ಸಣ್ಣಗೆ ಸೀಳಬೇಕು, ಪಾತ್ರೆ ಅದರ ಬಾಯಿಗೆ ಹೊಂದಬೇಕು, ಕೊಳವೆಯ ಮಸಿಯನ್ನು ಆಗಾಗ ತೆಗೆಯಬೇಕು. ಕೊಳವೆ ಕಟ್ಟಿಕೊಂಡರೆ ಹೊಗೆ ಮತ್ತೆ ಒಳಕ್ಕೇ. ಕೆಂಡ ಹೊರಗೆಳೆದು ಹಪ್ಪಳ ಸುಡುವ, ಬದನೆಕಾಯಿ ಸುಡುವ ಸುಖವೂ ಅದರಲ್ಲಿ ಕಡಿಮೆ. ಹೀಗಾಗಿ ಎಷ್ಟೋ ಮನೆಗಳಲ್ಲಿ ಅಸ್ತ್ರ ಒಲೆಯ ಪಕ್ಕದಲ್ಲೇ ಹಳೆಯ ಒಲೆಯೂ ಉಳಿಯಿತು.

ಒಲೆಯನ್ನು ನಿಜವಾಗಿ ನೆಲದಿಂದ ಎಬ್ಬಿಸಿದ್ದು ಗ್ಯಾಸು. ಇಂಡೇನ್ ಹೆಸರಿನ ಮೊದಲ ಸಂಪರ್ಕ 1965ರಲ್ಲಿ ಕಲ್ಕತ್ತೆಯಲ್ಲಿ ಆಯಿತು. ನಮ್ಮ ಸಣ್ಣ ಊರುಗಳಿಗೆ ಅದು ಬರಲು ಇನ್ನೂ ಎರಡು ದಶಕ ಬೇಕಾಯಿತು. ಹೆಸರು ಬರೆಸಿ ವರ್ಷಗಟ್ಟಲೆ ಕಾದವರಿದ್ದಾರೆ. ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದಲ್ಲೇ ಹರಡಿಕೊಳ್ಳುತ್ತದೆ. ಆದ್ದರಿಂದ ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಬೇಕೆಂಬುದು ಸುರಕ್ಷತೆಯ ನಿಯಮ. ಸಿಲಿಂಡರು ನೆಟ್ಟಗೆ ನಿಲ್ಲಬೇಕು, ಒಲೆ ಅದರ ಮೇಲಿರಬೇಕು ಎಂದರೆ ಕಟ್ಟೆ ಕಟ್ಟದೆ ಗತಿಯಿಲ್ಲ. ಹೀಗೆ ಸೊಂಟದೆತ್ತರದ ಕಟ್ಟೆ ಬಂತು, ಅದರ ಮೇಲೆ ಕಡಪ ಕಲ್ಲಿನ ಚಪ್ಪಡಿ ಬಂತು. ಹೆಂಗಸರ ಸೊಂಟನೋವು ನೋಡಲಾರದೆ ಒಲೆಯನ್ನು ಎತ್ತರಿಸಿದರೆಂದು ನಾವು ತಿಳಿಯುತ್ತೇವೆ. ಆದರೆ ಕಟ್ಟೆಯ ಅಳತೆ ಹೊರಟದ್ದು ಸಿಲಿಂಡರಿನಿಂದ. ಗೋಬರ್ ಗ್ಯಾಸ್ ಹಾಕಿಸಿದ ಮನೆಗಳಲ್ಲಿ ಸಿಲಿಂಡರೇ ಇರಲಿಲ್ಲ. ಪೇಟೆಯ ಮನೆ ನೋಡಿ ಬಂದವರು ಅಲ್ಲಿಯೂ ಅಷ್ಟೇ ಎತ್ತರದ ಕಟ್ಟೆ ಕಟ್ಟಿಸಿದರು.

ಒಲೆ ಎದ್ದ ಮೇಲೆ ಉಳಿದವೂ ಒಂದೊಂದಾಗಿ ಎದ್ದವು. ಗುಂಡುತಳದ ಪಾತ್ರೆ ಗ್ಯಾಸ್ ಒಲೆಯ ಮೇಲೆ ಕೂರುವುದಿಲ್ಲ, ಚಪ್ಪಟೆ ತಳದ ಸ್ಟೀಲು ಬಂತು, ಕುಕ್ಕರ್ ಬಂತು. ಮಿಕ್ಸಿಗೆ ಕರೆಂಟು ಬೇಕು, ಸ್ವಿಚ್ಚು ಇರುವುದು ಗೋಡೆಯಲ್ಲಿ. ಅರೆಯುವುದೂ ಕಟ್ಟೆಗೆ ಏರಿತು, ಒರಳು ಅಂಗಳಕ್ಕೆ ಇಳಿಯಿತು. ನಮ್ಮ ಮನೆಯಲ್ಲಿ ಕಟ್ಟೆ ಕಟ್ಟುವ ದಿನ ಮೇಸ್ತ್ರಿ ಎತ್ತರವೆಷ್ಟೆಂದು ಕೇಳಿದ್ದು ಅಪ್ಪನನ್ನು. ಅಪ್ಪ ತನ್ನ ಸೊಂಟದ ಹತ್ತಿರ ಕೈಯಿಟ್ಟು ತೋರಿಸಿದರು. ಅಮ್ಮ ಕುಳ್ಳಿ. ಕುದಿಯುವ ಸಾರಿನೊಳಗೆ ಇಣುಕುವುದಕ್ಕೆ ಅವಳು ಕಾಲಡಿಗೆ ಒಂದು ಮಣೆ ಹಾಕಿಕೊಳ್ಳಬೇಕಾಯಿತು. ಹಳೆಯ ಒಲೆಯ ಮುಂದೆ ಅವಳು ಕೂರುತ್ತಿದ್ದ ಮಣೆಯೇ ಅದು. ಇಪ್ಪತ್ತೈದು ವರ್ಷ ಅವಳು ಅದರ ಮೇಲೆ ನಿಂತು ಅಡುಗೆ ಮಾಡಿದಳು. ಸೊಂಟನೋವು ಹೋಗಿ ಮೊಣಕಾಲುನೋವು ಬಂತು.

ಈಗಿನ ಮಾಡ್ಯುಲರ್ ಕಿಚನ್ ಎಂಬುದರ ಮೂಲ ಹುಡುಕುತ್ತ ಹೋದರೆ ಜರ್ಮನಿಯ ಫ್ರಾಂಕ್‌ಫರ್ಟ್ ನಗರ ಸಿಗುತ್ತದೆ. ಅಲ್ಲಿ ಕಾರ್ಮಿಕರಿಗಾಗಿ ಕಟ್ಟುತ್ತಿದ್ದ ಮನೆಗಳಿಗೆ 1926ರಲ್ಲಿ ಮಾರ್ಗರೆಟ್ ಶ್ಯುಟ್ ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಅಡುಗೆಮನೆಯೊಂದನ್ನು ರೂಪಿಸಿದಳು. ಸುಮಾರು ಆರು ಅಡಿ ಅಗಲ, ಹನ್ನೊಂದು ಅಡಿ ಉದ್ದದ ಕೋಣೆ. ಹೆಣ್ಣು ಅಲ್ಲಿ ಇಡಬೇಕಾದ ಹೆಜ್ಜೆ ಆದಷ್ಟು ಕಡಿಮೆಯಾಗಲೆಂದು ಎಲ್ಲವನ್ನೂ ಕೈಗೆಟುಕುವಂತೆ ಜೋಡಿಸಿದ್ದಳು. ಅಂಥವು ಸುಮಾರು ಹತ್ತು ಸಾವಿರ ಕಟ್ಟಲ್ಪಟ್ಟವು. ನನಗೆ ಮುಖ್ಯವಾಗಿ ಕಾಣುವುದು ಅದರಲ್ಲಿದ್ದ ಒಂದು ತಿರುಗುವ ಸ್ಟೂಲು. ತರಕಾರಿ ಹೆಚ್ಚುವ ಹಲಗೆಯನ್ನು ಕಿಟಕಿಯ ಬೆಳಕಿಗೆ, ಕೂತು ಕೆಲಸ ಮಾಡುವ ಎತ್ತರದಲ್ಲಿ ಇಟ್ಟಿದ್ದಳು. ನಮಗೆ ಕಪಾಟುಗಳ ಸಾಲು ಬಂತು, ಗ್ರಾನೈಟ್ ಬಂತು, ಹೊಗೆ ಹೀರುವ ಚಿಮಣಿಯೂ ಬಂತು. ಆ ಸ್ಟೂಲು ಮಾತ್ರ ದಾರಿಯಲ್ಲೇ ಉಳಿದುಹೋಯಿತು.

ಬದಲಾವಣೆ ಎಲ್ಲ ಕಡೆ ಒಂದೇ ಸಮನಾಗಿ ಆಗಿದೆಯೆಂದೂ ಅಲ್ಲ. 2016ರಲ್ಲಿ ಶುರುವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಸಿಲಿಂಡರು ಬಂದಿದೆ. ಅದನ್ನು ಮತ್ತೆ ತುಂಬಿಸುವ ದುಡ್ಡಿಲ್ಲದಾಗ ಸೌದೆಯೊಲೆ ಮತ್ತೆ ಹೊತ್ತಿಕೊಳ್ಳುತ್ತದೆ. ಉಳ್ಳವರ ಮನೆಗಳಲ್ಲಿಯೂ ಬಚ್ಚಲಿನ ಹಂಡೆಯ ಕೆಳಗೆ ಬೆಂಕಿ ಉರಿಯುತ್ತಲೇ ಇದೆ. ಹುಳ ಹತ್ತಬಾರದೆನ್ನುವ ಬುಟ್ಟಿ, ಬೀಜಗಳೆಲ್ಲ ಈಗ ಆ ಬಚ್ಚಲಿನ ಅಟ್ಟ ಸೇರಿವೆ.

ಈಚೆಗೆ ನಮ್ಮ ನೆಂಟರ ಮನೆ ಕಟ್ಟುವಾಗ ನೋಡಿದೆ. ಆ ಮನೆಯ ಸೊಸೆ ಇಟ್ಟಿಗೆ ಪೇರಿಸಿ, ಮೇಲೊಂದು ಹಲಗೆ ಇಡಿಸಿ, ಅದರ ಮುಂದೆ ನಿಂತು ರೊಟ್ಟಿ ತಟ್ಟುವವಳ ಹಾಗೆ ಕೈಯಾಡಿಸಿದಳು. "ಇನ್ನೆರಡು ಇಂಚು ಇಳಿಸಿ" ಎಂದಳು.

"ಎಲ್ಲರ ಮನೇಲೂ ಇಷ್ಟೇ ಇರ್ತದಲ್ಲ ಅಕ್ಕಾ" ಎಂದ ಮೇಸ್ತ್ರಿ.

"ಎಲ್ಲರ ಮನೇಲಿ ನಾನು ಅಡುಗೆ ಮಾಡೋದಿಲ್ಲವಲ್ಲ" ಎಂದಳು ಆಕೆ. ಆಮೇಲೆ ಕಿಟಕಿಯ ಕಡೆ ತೋರಿಸಿ, ಅತ್ತೆ ಕೂತು ಕಾಯಿ ತುರಿಯುವುದಕ್ಕೆ, ತರಕಾರಿ ಹೆಚ್ಚುವುದಕ್ಕೆ ಅಲ್ಲೊಂದು ತಗ್ಗಿನ ಕಟ್ಟೆಯೂ ಬೇಕೆಂದಳು. ಮೇಸ್ತ್ರಿ ಒಂದು ವರಸೆ ಇಟ್ಟಿಗೆ ತೆಗೆದಿಟ್ಟ.