ಹಡಗಿನ ಮೇಲೆ ಬಣ್ಣ, ಕ್ಯಾನ್ವಾಸ್ ಮೇಲೆ ಸಹಿ: ಪೀಟರ್ ಮ್ಯಾಕ್ಸ್ ಕತೆ



ಇವತ್ತಿನ ಕತೆ ಒಂದು ಹಡಗಿನಿಂದ ಶುರು. 2013ರ ಮೇ ತಿಂಗಳು. ನ್ಯೂಯಾರ್ಕ್ ಬಂದರಿಗೆ ಒಂದು ಹೊಸ ಪ್ರವಾಸಿ ಹಡಗು ಬರುತ್ತೆ. ಹೆಸರು ನಾರ್ವೇಜಿಯನ್ ಬ್ರೇಕ್‌ಅವೇ. ಉದ್ದ ಸುಮಾರು 325 ಮೀಟರ್, ಅಂದ್ರೆ ಮೂರು ಫುಟ್‌ಬಾಲ್ ಮೈದಾನಗಳನ್ನ ಸಾಲಾಗಿ ಇಟ್ಟಷ್ಟು. ಹತ್ತಿರ ಹತ್ತಿರ 4,000 ಪ್ರಯಾಣಿಕರು ಹಿಡೀತಾರೆ. ಆದ್ರೆ ದಡದಲ್ಲಿ ನಿಂತವರ ಕಣ್ಣಿಗೆ ಬಿದ್ದಿದ್ದು ಹಡಗಿನ ಗಾತ್ರ ಅಲ್ಲ, ಅದರ ಹೊರಮೈ. ಅಲ್ಲಿ ಲಿಬರ್ಟಿ ಪ್ರತಿಮೆ, ನ್ಯೂಯಾರ್ಕ್‌ನ ಕಟ್ಟಡಗಳ ಸಾಲು, ಸೂರ್ಯ, ನಕ್ಷತ್ರಗಳು. ಮಕ್ಕಳ ಬಣ್ಣದ ಡಬ್ಬಿ ಹಾಗೇ ಸುರಿದಂಗಿದೆ.

ಇದನ್ನ ಬರೆದೋರು ಯಾರು? ಪೇಪರ್‌ಗಳೆಲ್ಲಾ ಒಂದೇ ಹೆಸರು ಹೇಳಿದ್ವು: ಪೀಟರ್ ಮ್ಯಾಕ್ಸ್, ಅಮೆರಿಕದ ಪಾಪ್ ಕಲಾವಿದ. ಆಗ ಅವರಿಗೆ 75 ವರ್ಷ. ಆ ವಯಸ್ಸಲ್ಲಿ ಅವರು ಏಣಿ ಹತ್ತಿ ಹಡಗಿಗೆ ಬಣ್ಣ ಬಳಿದ್ರಾ? ಖಂಡಿತ ಇಲ್ಲ. ಅವರು ಕೊಟ್ಟಿದ್ದು ವಿನ್ಯಾಸ. ಹಡಗಿಗೆ ಬಣ್ಣ ಹಾಕಿದ್ದು ಜರ್ಮನಿಯ ಪಾಪೆನ್‌ಬರ್ಗ್‌ನಲ್ಲಿರೋ ಮೇಯರ್ ವರ್ಫ್ಟ್ ಅನ್ನೋ ಹಡಗು ಕಟ್ಟೋ ಯಾರ್ಡ್‌ನ ಕೆಲಸಗಾರರು.

ಹಾಗಾದ್ರೆ ಇದು ಯಾರ ಕೃತಿ? ಈ ಪ್ರಶ್ನೆಯನ್ನ ಇಟ್ಕೊಂಡಿರಿ. ಇವತ್ತಿನ ಇಡೀ ಎಪಿಸೋಡ್ ಇದರ ಸುತ್ತಾನೇ ತಿರುಗುತ್ತೆ.

ಬರ್ಲಿನ್‌ನಿಂದ ಶಾಂಘೈಗೆ

1937ರ ಅಕ್ಟೋಬರ್. ಬರ್ಲಿನ್‌ನ ಒಂದು ಯಹೂದಿ ಕುಟುಂಬದಲ್ಲಿ ಪೀಟರ್ ಮ್ಯಾಕ್ಸ್ ಫಿಂಕೆಲ್‌ಸ್ಟೈನ್ ಹುಟ್ಟಿದ. ಆಗ ಜರ್ಮನಿಯಲ್ಲಿ ಹಿಟ್ಲರ್ ಆಡಳಿತ. ಮಗುವಿಗೆ ಒಂದು ವರ್ಷ ಆಗೋ ಹೊತ್ತಿಗೆ ಮನೆಯವರು ಊರು ಬಿಟ್ಟು ಓಡಬೇಕಾಯ್ತು. ಎಲ್ಲಿಗೆ? ಚೀನಾದ ಶಾಂಘೈಗೆ.

ಯಾಕೆ ಶಾಂಘೈ ಅಂದ್ರೆ, ಆ ಕಾಲದಲ್ಲಿ ಯಹೂದಿಗಳಿಗೆ ಬಹಳಷ್ಟು ದೇಶಗಳು ಬಾಗಿಲು ಹಾಕ್ಕೊಂಡಿದ್ವು. ವೀಸಾ ಇಲ್ಲದೆ ಕಾಲಿಡಬಹುದಾಗಿದ್ದ ಬೆರಳೆಣಿಕೆಯ ಜಾಗಗಳಲ್ಲಿ ಶಾಂಘೈ ಒಂದು. ಯೂರೋಪಿನಿಂದ ಹೆಚ್ಚುಕಮ್ಮಿ 20,000 ಯಹೂದಿಗಳು ಅಲ್ಲಿ ಆಸರೆ ಪಡೆದ್ರು. ಆ ಊರಲ್ಲಿ ಪೀಟರ್ ಹತ್ತು ವರ್ಷ ಬೆಳೆದ. ಸುತ್ತ ದೇವಾಲಯಗಳು, ಬಣ್ಣದ ಹಬ್ಬಗಳು, ಬೀದಿಯ ತುಂಬಾ ಚಿತ್ರಲಿಪಿಯ ಬೋರ್ಡ್‌ಗಳು. ನೋಡಿಕೊಳ್ಳೋಕೆ ಬರ್ತಿದ್ದ ಚೀನೀ ಹುಡುಗಿ ಬ್ರಷ್ ಹಿಡಿಯೋದನ್ನ ಕಲಿಸಿದಳು ಅಂತ ಅವರು ದೊಡ್ಡವರಾದ ಮೇಲೆ ಹೇಳ್ತಿದ್ರು.

ಆಮೇಲೆ ಇಸ್ರೇಲ್‌ನ ಹೈಫಾ, ಸ್ವಲ್ಪ ಕಾಲ ಪ್ಯಾರಿಸ್, 1953ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್. ಹದಿನಾರು ವರ್ಷ ತುಂಬೋದರೊಳಗೆ ನಾಲ್ಕು ದೇಶ ದಾಟಿ ಐದನೇ ದೇಶ. ಮುಂದೆ ಇವರು ಲಿಬರ್ಟಿ ಪ್ರತಿಮೆಯನ್ನ ಮತ್ತೆ ಮತ್ತೆ ಯಾಕೆ ಬರೆದ್ರು ಅನ್ನೋದು ಇಲ್ಲೇ ಅರ್ಥ ಆಗುತ್ತೆ. ಹಡಗು ನೆನಪಿದ್ಯಲ್ಲ? ಯಾವ ದೇಶದಿಂದ ಕೂಸಾಗಿದ್ದಾಗ ಓಡಿಹೋದ್ರೋ, 75 ವರ್ಷದ ನಂತರ ಅದೇ ದೇಶದ ಕೆಲಸಗಾರರು ಇವರ ಲಿಬರ್ಟಿ ಪ್ರತಿಮೆಯನ್ನ ಹಡಗಿನ ಮೇಲೆ ಮೂಡಿಸಿದ್ರು.

ಪ್ರಿಂಟಿಂಗ್ ಮೆಷಿನ್ನೇ ಬ್ರಷ್

ನ್ಯೂಯಾರ್ಕ್‌ನ ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ ಪೀಟರ್ ಕಲಿತಿದ್ದು ಹಳೇ ಶೈಲಿಯ ಚಿತ್ರಕಲೆ. ಮನುಷ್ಯನ ದೇಹ, ನೆರಳು, ಬೆಳಕು, ಎಲ್ಲಾ ಕಟ್ಟುನಿಟ್ಟು. ಆದ್ರೆ 1960ರ ದಶಕದ ಮಧ್ಯಭಾಗಕ್ಕೆ ಅವರ ದಾರಿ ಬದಲಾಯ್ತು. ಗ್ರಹಗಳು, ನಕ್ಷತ್ರಗಳು, ಮೋಡದ ಮೇಲೆ ಓಡೋ ಮನುಷ್ಯರು, ಕಾಮನಬಿಲ್ಲಿನ ಬಣ್ಣ. ಇವನ್ನೆಲ್ಲಾ ಅವರು ಪೋಸ್ಟರ್ ಮಾಡಿದ್ರು.

ಪೋಸ್ಟರ್‌ಗಳಲ್ಲಿ ಒಂದು ಬಣ್ಣ ನಿಧಾನವಾಗಿ ಇನ್ನೊಂದಕ್ಕೆ ಕರಗೋದನ್ನ ನೋಡಿರ್ತೀರಿ. ಈಗ ಫೋನಲ್ಲಿ ಒಂದು ಬಟನ್ ಒತ್ತಿದ್ರೆ ಗ್ರೇಡಿಯೆಂಟ್ ಬರುತ್ತೆ. ಆಗ ಅದಕ್ಕೆ ಸ್ಪ್ಲಿಟ್ ಫೌಂಟನ್ ಅನ್ನೋ ಉಪಾಯ ಇತ್ತು. ಆಫ್‌ಸೆಟ್ ಮೆಷಿನ್‌ನಲ್ಲಿ ಶಾಯಿ ತುಂಬೋ ತೊಟ್ಟಿಗೆ ಸಾಮಾನ್ಯವಾಗಿ ಒಂದೇ ಬಣ್ಣ ಹಾಕ್ತಾರೆ. ಇಲ್ಲಿ ಎರಡು ಮೂರು ಬಣ್ಣ ಪಕ್ಕಪಕ್ಕ ಹಾಕ್ತಿದ್ರು. ರೋಲರ್ ತಿರುಗ್ತಾ ತಿರುಗ್ತಾ ಅಂಚಿನಲ್ಲಿ ಬಣ್ಣಗಳು ಬೆರೀತಿದ್ವು. ಮೊದಲ ಹಾಳೆಗೂ ನೂರನೇ ಹಾಳೆಗೂ ಸ್ವಲ್ಪ ವ್ಯತ್ಯಾಸ ಇರ್ತಿತ್ತು.

ಇಲ್ಲಿ ಒಂದು ಮಾತು ಗಮನಿಸಿ. ಪೋಸ್ಟರ್ ಕೊಂಡವರಿಗೆ ಇದು ಮೆಷಿನ್‌ನಿಂದ ಬಂದಿದ್ದು ಅಂತ ಗೊತ್ತಿತ್ತು. ಬೆಲೆನೂ ಕಡಿಮೆ, ಹಾಸ್ಟೆಲ್ ಗೋಡೆಗೆ ಅಂಟಿಸೋಕೆ ಸರಿಯಾಗಿತ್ತು. ಯಾರಿಗೂ ಮೋಸ ಇಲ್ಲ.

ಅಲ್ಲಿಂದ ಪೀಟರ್ ಮ್ಯಾಕ್ಸ್ ಮನೆಯ ಸಾಮಾನಿಗೆ ಕೈ ಹಾಕಿದ್ರು. ಜನರಲ್ ಎಲೆಕ್ಟ್ರಿಕ್ ಕಂಪನಿ ಅವರ ವಿನ್ಯಾಸದ ಗೋಡೆ ಗಡಿಯಾರ ತಂತು. ಜೊತೆಗೆ ಬೆಡ್‌ಶೀಟ್, ಸ್ಕಾರ್ಫ್, ಶೂ, ಗಾಳಿ ತುಂಬೋ ದಿಂಬು. ನ್ಯೂಯಾರ್ಕ್‌ನ ಬಸ್‌ಗಳ ಜಾಹೀರಾತಿನ ಜಾಗದಲ್ಲೂ ಅವರ ಪೋಸ್ಟರ್.

ಬಿ.ಕಾಂ ಓದಿದವನ ಚಟ, ಇದರ ಲೆಕ್ಕಾಚಾರ ಹೇಳದೇ ಇರೋಕಾಗಲ್ಲ. ಕಲಾವಿದ ಒಂದು ಚಿತ್ರ ಮಾರಿದ್ರೆ ಒಂದು ಸಲ ದುಡ್ಡು. ಅದೇ ವಿನ್ಯಾಸವನ್ನ ಲೈಸೆನ್ಸ್ ಕೊಟ್ರೆ ಪ್ರತಿ ಗಡಿಯಾರಕ್ಕೂ, ಪ್ರತಿ ಬೆಡ್‌ಶೀಟ್‌ಗೂ ರಾಯಲ್ಟಿ. ಫ್ಯಾಕ್ಟರಿ ಅವರದಲ್ಲ, ಗೋಡೌನ್ ಅವರದಲ್ಲ, ಸಾಲ ಅವರದಲ್ಲ. ಅವರು ಕೊಡ್ತಿದ್ದಿದ್ದು ವಿನ್ಯಾಸ ಮತ್ತು ಹೆಸರು, ಅಷ್ಟೇ. 1969ರ ಸೆಪ್ಟೆಂಬರ್ 5ರ ಲೈಫ್ ಪತ್ರಿಕೆ ಅವರನ್ನ ಮುಖಪುಟಕ್ಕೆ ಹಾಕಿ, ಬಹಳ ಶ್ರೀಮಂತನಾದ ಕಲಾವಿದ ಅನ್ನೋ ಅರ್ಥದ ಶೀರ್ಷಿಕೆ ಕೊಡ್ತು.

ಕೊಯಮತ್ತೂರಿನ ಸ್ವಾಮೀಜಿ

ಈ ಕತೆಯಲ್ಲಿ ನಮ್ಮ ಪಕ್ಕದ ರಾಜ್ಯದವರೂ ಒಬ್ರು ಬರ್ತಾರೆ. ಕೊಯಮತ್ತೂರಿನ ಹತ್ತಿರದ ಚೆಟ್ಟಿಪಾಳಯಂನಲ್ಲಿ ಹುಟ್ಟಿದ ಸ್ವಾಮಿ ಸಚ್ಚಿದಾನಂದ, ರಿಷಿಕೇಶದ ಸ್ವಾಮಿ ಶಿವಾನಂದರ ಶಿಷ್ಯರು. 1966ರಲ್ಲಿ ಪ್ಯಾರಿಸ್‌ನಲ್ಲಿ ಪೀಟರ್ ಮ್ಯಾಕ್ಸ್‌ಗೆ ಇವರ ಪರಿಚಯ ಆಯ್ತು. ನ್ಯೂಯಾರ್ಕ್‌ಗೆ ಬನ್ನಿ ಅಂತ ಅವರೇ ಕರೆದ್ರು. ಕೆಲವು ದಿನಕ್ಕೆ ಅಂತ ಹೋದ ಸ್ವಾಮೀಜಿ ಅಮೆರಿಕದಲ್ಲೇ ನೆಲೆಯಾದ್ರು. ಇಂಟೆಗ್ರಲ್ ಯೋಗ ಇನ್‌ಸ್ಟಿಟ್ಯೂಟ್ ಶುರುವಾಯ್ತು.

1969ರ ಆಗಸ್ಟ್ 15ಕ್ಕೆ ವುಡ್‌ಸ್ಟಾಕ್ ಸಂಗೀತ ಉತ್ಸವ ಶುರುವಾದಾಗ, ಆ ಜನಸಾಗರದ ಮುಂದೆ ಕೂತು ಉದ್ಘಾಟನೆಯ ಮಾತಾಡಿದ್ದು ಇದೇ ಸ್ವಾಮೀಜಿ. ಒಂದು ಪೋಸ್ಟರ್ ಕಲಾವಿದನ ಆಹ್ವಾನ ಎಲ್ಲಿಂದ ಎಲ್ಲಿಗೆ ಹೋಯ್ತು ನೋಡಿ.

ಅವರು ಮಾಡದೇ ಇದ್ದ ಕೆಲಸ

ಈಗ ಒಂದು ತಪ್ಪು ಕಲ್ಪನೆ ಸರಿಮಾಡೋಣ. ಬೀಟಲ್ಸ್‌ನ ಯೆಲ್ಲೋ ಸಬ್‌ಮರೀನ್ ಕಾರ್ಟೂನ್ ಸಿನಿಮಾ ಪೀಟರ್ ಮ್ಯಾಕ್ಸ್ ಕೆಲಸ ಅಂತ ತುಂಬಾ ಜನ ನಂಬಿದ್ದಾರೆ. ಅಲ್ಲ. 1968ರ ಆ ಸಿನಿಮಾದ ಕಲಾ ನಿರ್ದೇಶಕರು ಹೈಂಝ್ ಎಡೆಲ್‌ಮಾನ್, ಜರ್ಮನಿಯಲ್ಲಿ ಕೆಲಸ ಮಾಡ್ತಿದ್ದ ವಿನ್ಯಾಸಕಾರ. ಆದ್ರೂ ಇಂದಿಗೂ ಜನ ಪೀಟರ್ ಮ್ಯಾಕ್ಸ್ ಹೆಸರೇ ಹೇಳ್ತಾರೆ.

ಹೆಸರು ದೊಡ್ಡದಾದ್ರೆ ಆಗೋದು ಇದೇ. ಒಂದು ಶೈಲಿಗೆ ಒಬ್ಬರ ಹೆಸರು ಅಂಟಿಕೊಂಡ್ರೆ, ಅದೇ ತರ ಕಾಣೋದೆಲ್ಲಾ ಅವರ ಖಾತೆಗೇ ಜಮಾ. ನಿಜವಾಗಿ ಮಾಡಿದವರ ಹೆಸರು ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ.

ವಿಮಾನ, ಅಂಚೆಚೀಟಿ, ಮತ್ತು 36 ಕಾರುಗಳು

1974ರಲ್ಲಿ ಸ್ಪೋಕೇನ್ ನಗರದ ಎಕ್ಸ್‌ಪೋಗೆ ಅಮೆರಿಕದ ಅಂಚೆ ಇಲಾಖೆ ಪೀಟರ್ ಮ್ಯಾಕ್ಸ್ ವಿನ್ಯಾಸದ 10 ಸೆಂಟ್‌ನ ಅಂಚೆಚೀಟಿ ತಂತು. ವಿಷಯ, ಪರಿಸರ ಉಳಿಸಿ. ಬೆರಳಿನಷ್ಟು ಜಾಗದಲ್ಲಿ ಅದೇ ಬಣ್ಣದ ಲೋಕ. 2000ನೇ ಇಸವಿಯ ಸಂಭ್ರಮಕ್ಕೆ ಕಾಂಟಿನೆಂಟಲ್ ಏರ್‌ಲೈನ್ಸ್‌ನ ಒಂದು ಬೋಯಿಂಗ್ 777 ವಿಮಾನದ ಮೇಲೂ ಅವರ ಚಿತ್ರ ಬಂತು.

ವಿಮಾನದ ಮೇಲೆ ಚಿತ್ರ ಅನ್ನೋದು ಅವರೇ ಮೊದಲು ಮಾಡಿದ್ದಲ್ಲ. 1973ರಲ್ಲೇ ಬ್ರಾನಿಫ್ ಕಂಪನಿಯ ಡಿಸಿ-8 ವಿಮಾನಕ್ಕೆ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ವಿನ್ಯಾಸ ಕೊಟ್ಟಿದ್ರು. ಕಾಲ್ಡರ್ ಬಣ್ಣ ಹಚ್ಚಿದ್ದು ಪುಟ್ಟ ಮಾದರಿ ವಿಮಾನಗಳಿಗೆ. ಅದನ್ನ ನೋಡಿ ದೊಡ್ಡದಕ್ಕೆ ಬಣ್ಣ ಹಾಕಿದ್ದು ಕಂಪನಿಯ ಕೆಲಸಗಾರರು. 1996ರಲ್ಲಿ ಜರ್ಮನಿಯ ಕಾಂಡೋರ್ ಕಂಪನಿ ತನ್ನ 40ನೇ ವರ್ಷಕ್ಕೆ ಇನ್ನೊಬ್ಬ ಪಾಪ್ ಕಲಾವಿದ ಜೇಮ್ಸ್ ರಿಝಿ ಕೈಲಿ ಇದೇ ತರ ಒಂದು ಬೋಯಿಂಗ್ 757 ಮಾಡಿಸಿತ್ತು.

ಇಂಥ ಕೆಲಸ ಒಬ್ಬರ ಕೈಯಲ್ಲಿ ಆಗೋದೇ ಇಲ್ಲ. ದೊಡ್ಡ ವಿಮಾನದ ಬಣ್ಣವೇ ನೂರಾರು ಕಿಲೋ ತೂಗುತ್ತೆ, ತೂಕ ಹೆಚ್ಚಾದ್ರೆ ಇಂಧನದ ಖರ್ಚು ಹೆಚ್ಚು. ಬಿಸಿಲು, ಚಳಿ, ವೇಗ ಎಲ್ಲಾ ತಡೆಯೋ ಬಣ್ಣ ಬೇಕು. ಬೇಡದ ಕಡೆ ಟೇಪ್ ಅಂಟಿಸಿ, ಒಂದೊಂದೇ ಬಣ್ಣ ಸ್ಪ್ರೇ ಮಾಡಿ, ಒಣಗಿಸಿ, ಮತ್ತೆ ಇನ್ನೊಂದು. ಕೆಲವು ವರ್ಷಕ್ಕೆ ಎಲ್ಲಾ ಕೆರೆದು ಮತ್ತೆ ಹೊಸ ಬಣ್ಣ. ಆ 777 ಕೂಡ ಆಮೇಲೆ ಮಾಮೂಲಿ ಬಣ್ಣಕ್ಕೆ ಮರಳಿತು.

ಕಾರುಗಳ ಕತೆ ಮಾತ್ರ ಬೇರೆ. 1989ರಲ್ಲಿ ವಿಎಚ್1 ಟಿವಿ ಚಾನೆಲ್ ಒಂದು ಸ್ಪರ್ಧೆ ಇಟ್ಟಿತ್ತು. ಬಹುಮಾನ 36 ಶೆವರ್ಲೆ ಕಾರ್ವೆಟ್ ಕಾರುಗಳು. 1953ರಿಂದ 1989ರವರೆಗೆ, ಮಾರಾಟಕ್ಕೇ ಬರದ 1983ರ ಮಾಡೆಲ್ ಬಿಟ್ಟು, ವರ್ಷಕ್ಕೊಂದು. ಗೆದ್ದಿದ್ದು ಒಬ್ಬ ಬಡಗಿ. ಅವರಿಂದ ಎಲ್ಲಾ ಕಾರುಗಳನ್ನ ಪೀಟರ್ ಮ್ಯಾಕ್ಸ್ ಕೊಂಡ್ರು. ಎಲ್ಲಕ್ಕೂ ಬಣ್ಣದ ಚಿತ್ರ ಬರೆಯೋದು ಪ್ಲಾನ್. ಆದ್ರೆ ಬರೀಲೇ ಇಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಕಾರುಗಳು ನ್ಯೂಯಾರ್ಕ್‌ನ ಗ್ಯಾರೇಜ್‌ಗಳಲ್ಲಿ ಧೂಳು ತಿಂದ್ವು. ಕೊನೆಗೆ ಬೇರೆಯವರು ಕೊಂಡು ರಿಪೇರಿ ಮಾಡಿಸಿದ್ರು. ಸ್ವಾರಸ್ಯ ಏನು ಗೊತ್ತಾ? ಒಂದು ಹನಿ ಬಣ್ಣ ಬೀಳದಿದ್ರೂ ಅವು ಪೀಟರ್ ಮ್ಯಾಕ್ಸ್ ಕಾರ್ವೆಟ್‌ಗಳು ಅಂತಲೇ ಹೆಸರಾದ್ವು.

ದುಡ್ಡಿನ ವಿಷಯದಲ್ಲಿ ಎಡವಿದ್ದೂ ಇದೆ. ಮನೆ, ಆಸ್ತಿ ಕೊಳ್ಳುವಾಗ ದುಡ್ಡಿನ ಬದಲು ಚಿತ್ರಗಳನ್ನ ಕೊಟ್ಟು, ಆ ಆದಾಯವನ್ನ ತೆರಿಗೆ ಇಲಾಖೆಗೆ ತೋರಿಸಿರಲಿಲ್ಲ. 1997ರಲ್ಲಿ ಕೋರ್ಟ್‌ನಲ್ಲಿ ತಪ್ಪು ಒಪ್ಪಿಕೊಂಡ್ರು. ಎರಡು ತಿಂಗಳ ಜೈಲು, 30,000 ಡಾಲರ್ ದಂಡ, 800 ಗಂಟೆ ಸಮಾಜಸೇವೆ. ಕಾಮರ್ಸ್ ವಿದ್ಯಾರ್ಥಿಗಳು ನೆನಪಿಟ್ಕೊಳ್ಳಿ, ಕೈಗೆ ನೋಟು ಬರದಿದ್ರೂ ಅದು ಆದಾಯವೇ.

ಹರಾಜಿನ ಹಾಲ್‌ನಲ್ಲಿ

ಈಗ ಕತೆಯ ಕಷ್ಟದ ಭಾಗ.

ಪ್ರವಾಸಿ ಹಡಗುಗಳಲ್ಲಿ ಚಿತ್ರಗಳ ಹರಾಜು ನಡೆಯುತ್ತೆ. ರಜೆಯ ಮೂಡು, ಕೈಯಲ್ಲಿ ಬಿಟ್ಟಿ ಶಾಂಪೇನ್, ಮುಂದೆ ಬಣ್ಣಬಣ್ಣದ ಚಿತ್ರ, ಮೂಲೆಯಲ್ಲಿ ದೊಡ್ಡ ಸಹಿ. ಆ ಹರಾಜುಗಳಲ್ಲಿ ಚೆನ್ನಾಗಿ ಓಡ್ತಿದ್ದ ಹೆಸರುಗಳಲ್ಲಿ ಪೀಟರ್ ಮ್ಯಾಕ್ಸ್ ಒಂದು. ಎಷ್ಟೋ ಕೃತಿಗಳು ಮೊದಲೇ ಪ್ರಿಂಟ್ ಆದ ಚಿತ್ರದ ಮೇಲೆ ಕೈಯಿಂದ ಬಣ್ಣ ಸೇರಿಸಿದ್ದು.

2019ರ ಮೇನಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ದೊಡ್ಡ ವರದಿ ಹಾಕ್ತು. ಪೀಟರ್ ಮ್ಯಾಕ್ಸ್‌ಗೆ ಮರೆವಿನ ಕಾಯಿಲೆ, ಡಿಮೆನ್ಷಿಯಾ. ಕೆಲವು ವರ್ಷಗಳಿಂದ ಅವರು ನಿಜವಾದ ಅರ್ಥದಲ್ಲಿ ಚಿತ್ರ ಬರೀತಿಲ್ಲ. ಸ್ಟುಡಿಯೋದಲ್ಲಿ ಬೇರೆ ಕಲಾವಿದರು ಬರೀತಾರೆ, ಇವರ ಕೈಲಿ ಸಹಿ ಮಾಡಿಸ್ತಾರೆ ಅಂತ ಆ ವರದಿ ಹೇಳ್ತು. ಮುಂದಿನ ತಿಂಗಳೇ ಅವರ ಹೆಂಡತಿ ಮೇರಿ ತೀರಿಕೊಂಡ್ರು. ಕುಟುಂಬದೊಳಗೆ, ವ್ಯಾಪಾರ ಮಾಡೋರ ನಡುವೆ ಕೋರ್ಟ್ ಕೇಸ್‌ಗಳು. ಅವರನ್ನ ನೋಡ್ಕೊಳ್ಳೋಕೆ ಕೋರ್ಟ್ ಗಾರ್ಡಿಯನ್ ನೇಮಿಸಿದ್ದರ ವಿರುದ್ಧ ಮಗಳು ಲಿಬ್ರಾ ಬಹಿರಂಗವಾಗಿ ಹೋರಾಡಿದ್ರು. ಆ ಜಗಳದಲ್ಲಿ ಯಾರು ಸರಿ ಅಂತ ತೀರ್ಪು ಕೊಡೋದು ನಮ್ಮ ಕೆಲಸ ಅಲ್ಲ.

ನಮ್ಮ ಪ್ರಶ್ನೆ ಬೇರೆ. ಹಡಗಿನ ಹೊರಮೈಗೆ ಬಣ್ಣ ಹಾಕಿದ್ದು ಬೇರೆಯವರು, ಅದು ಎಲ್ಲರಿಗೂ ಗೊತ್ತು, ತಕರಾರಿಲ್ಲ. ಅಂಥದೇ ಹಡಗಿನ ಒಳಗೆ ಹರಾಜಾಗೋ ಕ್ಯಾನ್ವಾಸ್‌ಗೆ ಬೇರೆಯವರು ಬಣ್ಣ ಹಾಕಿದ್ರೆ ಮಾತ್ರ ಯಾಕೆ ಚುಚ್ಚುತ್ತೆ?

ಯಾಕಂದ್ರೆ ಎರಡು ಕಡೆ ಮಾರಾಟ ಆಗಿದ್ದು ಬೇರೆ ಬೇರೆ ವಸ್ತು. ಗಡಿಯಾರ, ಬೆಡ್‌ಶೀಟ್, ವಿಮಾನದಲ್ಲಿ ಮಾರಿದ್ದು ವಿನ್ಯಾಸ. ಕೊಂಡವರಿಗೂ ಅದೇ ಬೇಕಿತ್ತು. ಹರಾಜಿನಲ್ಲಿ ಸಾವಿರಾರು ಡಾಲರ್ ಕೊಟ್ಟವರು ನಂಬಿದ್ದು ಕೈಯನ್ನ. ಇದು ಅವರೇ ಮುಟ್ಟಿದ್ದು, ಅವರೇ ಯೋಚಿಸಿದ್ದು ಅಂತ. ಸಹಿ ಅನ್ನೋದು ಆ ನಂಬಿಕೆಯ ರಸೀದಿ. ಸಹಿ ಮಾಡೋರಿಗೇ ಯಾವುದಕ್ಕೆ ಸಹಿ ಮಾಡ್ತಿದೀನಿ ಅನ್ನೋದು ಗೊತ್ತಿಲ್ಲದಿದ್ರೆ, ಆ ರಸೀದಿಗೆ ಬೆಲೆ ಏನು?

ಸಹಾಯಕರನ್ನ ಇಟ್ಕೊಳ್ಳೋದು ತಪ್ಪಲ್ಲ. ಆಂಡಿ ವಾರ್ಹೋಲ್ ತನ್ನ ಸ್ಟುಡಿಯೋಗೆ ಫ್ಯಾಕ್ಟರಿ ಅಂತಲೇ ಹೆಸರಿಟ್ಟಿದ್ರು, ಮುಚ್ಚುಮರೆ ಇರಲಿಲ್ಲ. ವ್ಯತ್ಯಾಸ ಇರೋದು ಎರಡು ಕಡೆ. ಕೊಳ್ಳೋರಿಗೆ ಗೊತ್ತಿದ್ಯಾ? ಕಲಾವಿದರ ಒಪ್ಪಿಗೆ ಇದ್ಯಾ? ವಯಸ್ಸಾಗಿ ನೆನಪು ಕೈಕೊಟ್ಟ ಮನುಷ್ಯನ ವಿಷಯದಲ್ಲಿ ಎರಡನೇ ಪ್ರಶ್ನೆ ಮೊದಲನೆಯದಕ್ಕಿಂತ ದೊಡ್ಡದು. ಮೋಸ ಹೋದ ಗಿರಾಕಿಗೆ ದುಡ್ಡು ವಾಪಸ್ ಕೊಡಬಹುದು. ಒಬ್ಬ ಮನುಷ್ಯ ತಾನೇ ಬ್ರ್ಯಾಂಡ್ ಆಗಿಬಿಟ್ಟ ಮೇಲೆ, ನಿಲ್ಲಿಸಿ ಅಂತ ಹೇಳೋ ಶಕ್ತಿನೂ ಹೋದ ಮೇಲೆ, ಅವನ ಪರ ಮಾತಾಡೋರು ಯಾರು?

ಅಕೌಂಟ್ಸ್‌ನಲ್ಲಿ ಗುಡ್‌ವಿಲ್ ಅಂತ ಒಂದು ಆಸ್ತಿ ಓದ್ತೀವಿ. ಕಣ್ಣಿಗೆ ಕಾಣಲ್ಲ, ಕೈಗೆ ಸಿಗಲ್ಲ, ಆದ್ರೆ ಬೆಲೆ ಇರುತ್ತೆ. ಪೀಟರ್ ಮ್ಯಾಕ್ಸ್ ಬಣ್ಣದಿಂದ ಕಟ್ಟಿದ್ದು ಅದನ್ನೇ. ದೇಶ ಬಿಟ್ಟು ಓಡಿಬಂದ ಹುಡುಗನ ಖುಷಿಯ ಬಣ್ಣಗಳು ಹಾಸ್ಟೆಲ್ ಗೋಡೆಯಿಂದ ಆಕಾಶದವರೆಗೆ ಹೋಗಿದ್ದು ನಿಜವಾದ ಸಾಧನೆ, ಅದನ್ನ ಯಾವ ಕೇಸೂ ಅಳಿಸಲ್ಲ. ಆದ್ರೆ ಹೆಸರು ಬೆಳೆದಷ್ಟೂ ಆ ಹೆಸರಿನ ಹಿಂದಿರೋ ಮನುಷ್ಯನನ್ನ ಕಾಯೋರು ಬೇಕು.

ಇವತ್ತಿಗೆ ಇಷ್ಟು. ಸಹಿ ಇರೋ ಬ್ಯಾಟು, ಸಹಿ ಇರೋ ಟೀ-ಶರ್ಟು, ಸಹಿ ಇರೋ ಚಿತ್ರ ನೀವೂ ಕೊಂಡಿರಬಹುದು. ನೀವು ದುಡ್ಡು ಕೊಟ್ಟಿದ್ದು ವಸ್ತುವಿಗಾ, ಹೆಸರಿಗಾ, ಕೈಗಾ? ಯೋಚನೆ ಮಾಡಿ, ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಇನ್ನೊಂದು ಕತೆ ಜೊತೆ ಸಿಗೋಣ.