ಹಸುವೋ, ಬಾಗಿಲೋ?

ಮಡಿಪಾಕ್ಕಂನಲ್ಲಿ ಒಂದು ಹಳೆಯ ಮನೆ ಕೊಳ್ಳುವ ಮಾತುಕತೆ ಮುಗಿದು ಕ್ರಯಪತ್ರದ ಕರಡು ಕೈಗೆ ಬಂದಿತ್ತು. ಚಕ್ಕುಬಂದಿ, ಪಟ್ಟಾ ನಂಬರು, ಬಾವಿ, ಎರಡು ತೆಂಗಿನ ಮರ ಎಲ್ಲವೂ ಅದರಲ್ಲಿದ್ದವು. ತಾರಸಿಯ ಮೇಲಿದ್ದ ನಾಲ್ಕು ಸೋಲಾರ್ ಪ್ಯಾನೆಲ್ಲಿನ ಮಾತೇ ಇರಲಿಲ್ಲ. ಕೇಳಿದ್ದಕ್ಕೆ ಮನೆ ಮಾರುತ್ತಿದ್ದ ಹಿರಿಯರು ತಣ್ಣಗೆ, "ಅದು ಮನೆ ಲೆಕ್ಕಕ್ಕೆ ಬರಲ್ಲ ಸಾರ್. ಬೋಲ್ಟು ಬಿಚ್ಚಿದರೆ ಮಗನ ಮನೆಗೆ ಹೋಗುತ್ತೆ. ನಿಮಗೆ ಬೇಕಾದರೆ ಬೇರೆ ರೇಟು" ಅಂದರು. ಅಂದದ್ದು ತಮಿಳಿನಲ್ಲಿ, ಆದರೆ ರೇಟು ಅನ್ನುವ ಪದ ಎಲ್ಲ ಭಾಷೆಯಲ್ಲೂ ಒಂದೇ ನೋಡಿ.

30 ವರ್ಷ ಬ್ಯಾಂಕಿನಲ್ಲಿ ಸಾಲದ ಕಾಗದಪತ್ರ ನೋಡಿದವನು ನಾನು. ಆದರೂ ಬಾಯಿ ಕಟ್ಟಿತು. ಯಾಕೆಂದರೆ ಅವರು ಹೇಳಿದ್ದನ್ನೇ ಒಂದು ಕಾಲದಲ್ಲಿ ನಾನು ಸಹಿ ಹಾಕಿ, ಸೀಲು ಒತ್ತಿ ಹೇಳುತ್ತಿದ್ದೆ.

ಚೆನ್ನೈಗೆ ಬರುವ ಮೊದಲು ಕಾರ್ಕಳದ ಕಡೆಯ ಒಂದು ಹಳ್ಳಿ ಶಾಖೆಯಲ್ಲಿದ್ದೆ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗದವರು ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಎರಡನ್ನೂ ಸೇರಿಸಿಕೊಂಡು ಮನೆಗಳಿಗೆ ಸೋಲಾರ್ ದೀಪದ ಸಾಲದ ಯೋಜನೆ ತಂದರು. ಒಂದು ಬ್ಯಾಂಕು 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ್ದು, ಇನ್ನೊಂದು 1925ರಲ್ಲಿ ಉಡುಪಿಯಲ್ಲಿ. (2020ರ ಏಪ್ರಿಲ್‌ನಲ್ಲಿ ಎರಡೂ ಒಂದೇ ಆದವು, ಅದು ಬೇರೆ ಕಥೆ.) ಬಡ್ಡಿಯ ಒಂದು ಪಾಲನ್ನು ಯೋಜನೆಯೇ ಹೊರುತ್ತಿತ್ತು. ಕೆಲವೇ ವರ್ಷಗಳಲ್ಲಿ 18,000ಕ್ಕೂ ಹೆಚ್ಚು ಮನೆಗಳಿಗೆ ಈ ಸಾಲ ಹೋಯಿತು. ಸೆಲ್ಕೋ 1995ರಿಂದಲೇ ನಮ್ಮ ಕಡೆ ಈ ಕೆಲಸ ಮಾಡಿಕೊಂಡು ಬಂದಿತ್ತು. ಅದನ್ನು ಕಟ್ಟಿದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ನಿಮಗೆ ಗೊತ್ತೇ ಇರುತ್ತದೆ.

ಸಾಲಕ್ಕೆ ಆಧಾರ ಏನು? ಪ್ಯಾನೆಲ್ಲು, ಬ್ಯಾಟರಿ, ನಾಲ್ಕು ದೀಪ. ಇವನ್ನೇ ಬ್ಯಾಂಕಿಗೆ ಹೈಪಾಥಿಕೇಶನ್ ಮಾಡಿಸಿಕೊಳ್ಳುತ್ತಿದ್ದೆವು, ಹೈನಿನ ಸಾಲಕ್ಕೆ ಹಸುವನ್ನು ಮಾಡಿಸಿಕೊಂಡ ಹಾಗೆಯೇ. ಹಸುವಿಗೆ ಕಿವಿಯಲ್ಲಿ ಇನ್ಶೂರೆನ್ಸ್ ಬಿಲ್ಲೆ, ಪ್ಯಾನೆಲ್ಲಿಗೆ ಬೆನ್ನ ಮೇಲೆ ಸೀರಿಯಲ್ ನಂಬರು. ಇದು ನಗುವ ವಿಷಯವಲ್ಲ. ಪ್ಯಾನೆಲ್ಲು ಚರ ಆಸ್ತಿ ಅಂತ ಹಿಡಿದದ್ದರಿಂದಲೇ ಮನೆ ಅಡವಿಡುವ ಗೊಡವೆ ಇರಲಿಲ್ಲ. ಜಾಗದ ದಾಖಲೆ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದವನ ಮನೆಯಲ್ಲೂ ದೀಪ ಹತ್ತಿತು. ಅಚರ ಅಂದಿದ್ದರೆ ಆ ಮಕ್ಕಳು ಇನ್ನಷ್ಟು ವರ್ಷ ಚಿಮಣಿ ಎಣ್ಣೆಯ ಬುಡ್ಡಿಯಲ್ಲೇ ಓದಬೇಕಾಗಿತ್ತು.

ಹಾಗಾದರೆ ಈ ಹಿರಿಯರದ್ದೂ ಸರಿಯೇ?

1882ರ ಆಸ್ತಿ ವರ್ಗಾವಣೆ ಕಾಯ್ದೆ ಬೇರೆ ಮಾತು ಹೇಳುತ್ತದೆ. ಪತ್ರದಲ್ಲಿ ಬೇರೆ ಉದ್ದೇಶ ಕಾಣದಿದ್ದರೆ ಮನೆಯ ಜೊತೆ ಅದರ ಬೀಗ, ಬೀಗದಕೈ, ಸರಳು, ಬಾಗಿಲು, ಕಿಟಕಿ ಮತ್ತು ಮನೆಯ ಕಾಯಂ ಬಳಕೆಗೆಂದು ಇಟ್ಟದ್ದೆಲ್ಲ ಕೊಂಡವನಿಗೆ ಸೇರುತ್ತದೆ, ಅನ್ನುತ್ತದೆ ಅದರ 8ನೇ ಸೆಕ್ಷನ್. ಬೆಂಗಳೂರಿಗೆ ಕರೆಂಟು ಬಂದದ್ದೇ 1905ರಲ್ಲಿ, ಅದಕ್ಕಿಂತ 23 ವರ್ಷ ಹಿಂದೆ ಬರೆದ ಮಾತಿದು! ನಮ್ಮ ಕಾರ್ಕಳದ ಪ್ಯಾನೆಲ್ಲು ಹಸು. ಮಡಿಪಾಕ್ಕಂನದ್ದು ಬಾಗಿಲು ಆದದ್ದು ಹೇಗೆ?

ಮೀಟರಿನಿಂದ. ಹಳ್ಳಿಯ ಪ್ಯಾನೆಲ್ಲಿಗೆ ಬ್ಯಾಟರಿಯೇ ಲೋಕ, ಎಲ್ಲಿಗೆ ಒಯ್ದರೂ ಉರಿಯುತ್ತದೆ. ಇಲ್ಲಿಯ ಕಥೆ 2012ರದ್ದು. ಆಗ ಚೆನ್ನೈಯಲ್ಲಿ ದಿನಕ್ಕೆ 2 ಗಂಟೆ ಕರೆಂಟ್ ಕಟ್, ಹೊರಗಿನ ಜಿಲ್ಲೆಗಳಲ್ಲಿ ಹತ್ತು ಗಂಟೆಗೂ ಮೇಲೆ. ಆ ಅಕ್ಟೋಬರಿನಲ್ಲಿ ಜಯಲಲಿತಾ ಸರ್ಕಾರ ಸೌರ ನೀತಿ ಹೊರಡಿಸಿತು. ಕೇಂದ್ರದ ಸಬ್ಸಿಡಿಯ ಮೇಲೆ ರಾಜ್ಯದ್ದು ಕಿಲೋವಾಟಿಗೆ 20,000 ರೂಪಾಯಿ. 2013ರ ನವೆಂಬರಿನಲ್ಲಿ ನೆಟ್ ಮೀಟರಿಂಗ್ ಆದೇಶ ಬಂತು. ಹಗಲು ಮಿಕ್ಕ ಕರೆಂಟು ಇಬಿ ತಂತಿಗೆ, ರಾತ್ರಿ ವಾಪಸು. (1957ರ ಮಂಡಳಿ 2010ರಲ್ಲಿ ಒಡೆದು, 2024ರಲ್ಲಿ ವಿತರಣೆಯ ಕಂಪನಿಗೆ ಮತ್ತೆ ಹೊಸ ಹೆಸರು ಬಂದರೂ ಇಲ್ಲಿಯ ಜನಕ್ಕೆ ಅದು ಇಂದಿಗೂ ಇಬಿಯೇ.) ಸಬ್ಸಿಡಿ ಈ ತಾರಸಿಗೆ, ಒಪ್ಪಂದ ಈ ಮನೆಯ ಸರ್ವಿಸ್ ನಂಬರಿಗೆ. ಬೋಲ್ಟು ಬಿಚ್ಚಿ ಒಯ್ದರೆ ಗಾಜು ಹೋದೀತು, ಒಪ್ಪಂದ ಹೋಗುವುದಿಲ್ಲ.

ಆ ಒಪ್ಪಂದದ ಇಸವಿಗೇ ಬೆಲೆ. 2019ರ ಮಾರ್ಚಿನಲ್ಲಿ ನಿಯಮ ಬದಲಾಗಿ, ಹೊಸದಾಗಿ ಹಾಕಿಸಿದವರು ತಂತಿಗೆ ಕೊಟ್ಟ ಯೂನಿಟ್ಟಿಗೆ ಕಡಿಮೆ ದರ, ತೆಗೆದುಕೊಂಡದ್ದಕ್ಕೆ ಪೂರ್ತಿ ದರ ಅಂತಾಯಿತು. 2021ರ ಅಕ್ಟೋಬರಿನ ನಿಯಮದಲ್ಲಿ ಮನೆಗಳಿಗೆ ಮತ್ತೆ ನೆಟ್ ಮೀಟರಿಂಗ್. ಊರ ಕಡೆಯದ್ದೂ ಹೀಗೆಯೇ. ಕರ್ನಾಟಕದ ಆಯೋಗ 2013ರ ಅಕ್ಟೋಬರಿನಲ್ಲಿ ತಾರಸಿಯ ಕರೆಂಟಿಗೆ ಸಬ್ಸಿಡಿ ಪಡೆಯದವರಿಗೆ ಯೂನಿಟ್ಟಿಗೆ 9.56 ರೂಪಾಯಿ, ಪಡೆದವರಿಗೆ 7.20 ಅಂತ ನಿಗದಿ ಮಾಡಿತ್ತು, ಒಪ್ಪಂದ 25 ವರ್ಷಕ್ಕೆ. 2016ರಲ್ಲಿ ದರ ಇಳಿಯಿತು. ಪಕ್ಕಪಕ್ಕದ ಎರಡು ತಾರಸಿ, ಒಂದೇ ಬಿಸಿಲು, ಬೇರೆ ಬೇರೆ ಆದಾಯ. ಬೆಂಗಳೂರಿನಲ್ಲಿ ಇಂಥ ಮನೆ ಕೊಳ್ಳುವವರು ತಾರಸಿ ಹತ್ತುವ ಮೊದಲು ಫೈಲು ಕೇಳಿ.

ನಾನೂ ಕೇಳಿದೆ. ಹಿರಿಯರು ಪ್ಲಾಸ್ಟಿಕ್ ಕವರಿನಿಂದ ತೆಗೆದರು: 2014ರ ಒಪ್ಪಂದ, ಸಬ್ಸಿಡಿ ಪತ್ರ, 2022ರಲ್ಲಿ ಕೈಯಿಂದ ದುಡ್ಡು ಹಾಕಿ ಬದಲಿಸಿದ ಇನ್ವರ್ಟರಿನ ಬಿಲ್ಲು. ಫಿಲ್ಟರ್ ಕಾಫಿ ಬಂತು. ಆಗ ಹೊಟ್ಟೆಯಲ್ಲಿದ್ದದ್ದು ಹೊರಬಂತು. 2016ರ ಡಿಸೆಂಬರಿನಲ್ಲಿ ವರ್ದಾ ಚಂಡಮಾರುತ ಹೋದ ಮೇಲೆ ಬೀದಿಯಲ್ಲಿ ದಿನಗಟ್ಟಲೆ ಕರೆಂಟಿಲ್ಲ. ಹೊರಗೆ ಬಿಸಿಲು, ಮೇಲೆ ಪ್ಯಾನೆಲ್ಲು, ಒಳಗೆ ಕಾಯಿಲೆಯ ಹೆಂಡತಿಗೆ ಒಂದು ಫ್ಯಾನೂ ತಿರುಗಲಿಲ್ಲ. ಬ್ಯಾಟರಿಯಿಲ್ಲದ ಈ ಬಗೆಯದ್ದು ತಂತಿ ಸತ್ತರೆ ತಾನೂ ನಿಲ್ಲುತ್ತದೆ, ಇಲ್ಲವಾದರೆ ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯುತ್ತದೆ. ಮಾರಿದವರು ಅದನ್ನು ಹೇಳಿರಲಿಲ್ಲ. "ಇಷ್ಟು ವರ್ಷ ಒರೆಸಿ ಒರೆಸಿ ಇಟ್ಟಿದ್ದೀನಿ ಸಾರ್, ಸುಮ್ಮನೆ ಬಿಟ್ಟು ಹೋಗು ಅಂದರೆ ಹೇಗೆ?" ಅಂದರು.

ಕಾನೂನು ನನ್ನ ಕಡೆ, ಇನ್ವರ್ಟರು ಅವರ ಕಡೆ. 15,000ಕ್ಕೆ ಒಪ್ಪಿಕೊಂಡೆ. ಪ್ಯಾನೆಲ್, ಇನ್ವರ್ಟರ್, ನೆಟ್ ಮೀಟರ್ ಸಹಿತ ಅಂತ ಕ್ರಯಪತ್ರದಲ್ಲಿ ಒಂದು ಸಾಲು ಸೇರಿಸಿದೆವು. ಇಬಿ ಸಂಪರ್ಕದ ಜೊತೆ ಸೋಲಾರ್ ಒಪ್ಪಂದವನ್ನೂ ನನ್ನ ಹೆಸರಿಗೆ ಮಾಡಲು ಅವರೇ ಬಂದು ಸಹಿ ಹಾಕಿದರು.

ಈಗಲೂ ಆಗಾಗ ಸಂಜೆ ಅವರ ಫೋನು ಬರುತ್ತದೆ. ಕ್ಷೇಮ ಸಮಾಚಾರ ಆಮೇಲೆ, ಮೊದಲು ಇವತ್ತು ಎಷ್ಟು ಯೂನಿಟ್ಟು ಅನ್ನುವ ಪ್ರಶ್ನೆ. ಮಾರಿದ ಹಸು ಎಷ್ಟು ಹಾಲು ಕೊಡುತ್ತಿದೆ ಅಂತ ನಮ್ಮ ಶಾಖೆಗೆ ಬರುತ್ತಿದ್ದ ರೈತರು ಹೀಗೆಯೇ ವಿಚಾರಿಸುತ್ತಿದ್ದರು. ನಿನ್ನೆ ಮೂರೇ ಯೂನಿಟ್ಟು ಅಂದೆ, ಮೋಡ ಇತ್ತು. "ಮೋಡ ಅಲ್ಲ ಸಾರ್, ಧೂಳು. ಬೆಳಗ್ಗೆ ಬಿಸಿಲೇರುವ ಮುಂಚೆ ಒರೆಸಿ" ಅಂದರು.