ಪಿಲ್ಸ್ನರ್: ಊರು ಬಿಟ್ಟ ಹೆಸರಿನ ಚರಿತ್ರೆ

ಮಾಟುಂಗದಲ್ಲಿಯೋ ಪುಣೆಯಲ್ಲಿಯೋ ‘ಉಡುಪಿ’ ಎಂಬ ಫಲಕ ಕಂಡರೆ ನಮಗೆ ಊರು ನೆನಪಾಗುತ್ತದೆ. ಪಕ್ಕದ ಮೇಜಿನವರಿಗೆ ಅದು ಇಡ್ಲಿ, ದೋಸೆಗಳ ಇನ್ನೊಂದು ಹೆಸರು. ಬೊಹೆಮಿಯಾದ ಪಿಲ್ಸೆನ್ ನಗರಕ್ಕೂ ಇದೇ ಆಯಿತು. ಇಂದು ಸಣ್ಣ ಬ್ರೂವರಿಗಳಲ್ಲಿ ಪಿಲ್ಸ್ನರ್ ಬಿಯರಿಗೆ ಮತ್ತೆ ಒಲವು ಹೆಚ್ಚುತ್ತಿರುವಾಗ, ಆ ಹೆಸರು ನಡೆದು ಬಂದ ದಾರಿಯನ್ನು ನಾವು ನೋಡಬೇಕಾಗಿದೆ.

1838ರಲ್ಲಿ ಪಿಲ್ಸೆನ್ನಿನ ಜನರು ಕೆಟ್ಟುಹೋಗಿದ್ದ 36 ಪೀಪಾಯಿ ಬಿಯರನ್ನು ಪುರಭವನದ ಮುಂದೆ ಚೆಲ್ಲಿದರು. ಬಿಯರ್ ತಯಾರಿಕೆಯ ಹಕ್ಕುಳ್ಳ ನಾಗರಿಕರು ಆಮೇಲೆ ಒಟ್ಟುಗೂಡಿ ಹೊಸ ಬ್ರೂವರಿ ಕಟ್ಟಿಸಿ, ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬವನನ್ನು ಕರೆಸಿದರು. ಗ್ರೋಲ್ 1842ರ ಅಕ್ಟೋಬರ್ 5ರಂದು ಮೊದಲ ಪಾಕ ಇಳಿಸಿದ. ಊರಿನ ಮೆದು ನೀರು, ಹೊಗೆ ತಾಗದಂತೆ ಇಂಗ್ಲಿಷರ ಕ್ರಮದಲ್ಲಿ ಒಣಗಿಸಿದ ತಿಳಿಬಣ್ಣದ ಬಾರ್ಲಿ ಮಾಲ್ಟ್, ಝಾಟೆಟ್ಸ್ ಸೀಮೆಯ ಹಾಪ್ಸ್, ತಂಪಿನಲ್ಲಿ ನಿಧಾನವಾಗಿ ಹುದುಗಿಸುವ ಯೀಸ್ಟ್ ಇವು ಕೂಡಿದಾಗ ಹೊನ್ನಿನ ಬಣ್ಣದ ತಿಳಿಯಾದ ಬಿಯರ್ ದೊರೆಯಿತು.

ರೈಲು ಅದನ್ನು ಹೊರಗೊಯ್ದಿತು. ಲಿಂಡೆಯ ಶೈತ್ಯಯಂತ್ರವೂ 1883ರಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಹ್ಯಾನ್ಸನ್ ಬೇರ್ಪಡಿಸಿದ ಶುದ್ಧ ಯೀಸ್ಟೂ ಬಂದ ಮೇಲೆ ಅಂತಹ ಬಿಯರನ್ನು ಎಲ್ಲಿ ಬೇಕಾದರೂ ಮಾಡಬಹುದಾಯಿತು. ಪಿಲ್ಸೆನ್ನಿನವರು 1859ರಲ್ಲಿ ಹೆಸರನ್ನು ನೋಂದಾಯಿಸಿದರೂ ಅನುಕರಣೆ ನಿಲ್ಲಲಿಲ್ಲ. ಕೊನೆಗೆ 1898ರಲ್ಲಿ ‘ಮೂಲಸೆಲೆ’ ಎಂಬ ಅರ್ಥದ ‘ಉರ್ಕ್ವೆಲ್’ ಪದವನ್ನು ಜೋಡಿಸಿಕೊಂಡರು.

ಇಪ್ಪತ್ತನೆಯ ಶತಮಾನದ ದೊಡ್ಡ ಕಾರ್ಖಾನೆಗಳು ಜೋಳ, ಅಕ್ಕಿ ಬೆರೆಸಿ, ಕಹಿ ತಗ್ಗಿಸಿ, ಮಾಗುವ ಅವಧಿಯನ್ನು ಮೊಟಕುಗೊಳಿಸಿದವು. 1970ರ ದಶಕದ ಕೊನೆಗೆ ಅಮೆರಿಕದಲ್ಲಿ ಉಳಿದಿದ್ದ ಬಿಯರ್ ಕಂಪನಿಗಳು ನೂರಕ್ಕೂ ಕಡಿಮೆ. ಈ ಏಕರುಚಿಗೆ ಬೇಸತ್ತು ಹುಟ್ಟಿದ ಸಣ್ಣ ಬ್ರೂವರಿಗಳು ಮೊದಲಿಗೆ ಪಿಲ್ಸ್ನರಿನಿಂದ ದೂರವೇ ಉಳಿದವು. ಇದಕ್ಕೆ ಲೆಕ್ಕಾಚಾರದ ಕಾರಣವೂ ಇತ್ತು: ಏಲ್ ಎರಡು ಮೂರು ವಾರಗಳಲ್ಲಿ ಸಿದ್ಧವಾದರೆ ಪಿಲ್ಸ್ನರಿಗೆ ಅದರ ಎರಡರಷ್ಟು ಕಾಲ ಬೇಕು, ತೊಟ್ಟಿ ಅಷ್ಟು ದಿನ ಬಿಡುವಾಗದು. ಹಾಪ್ಸಿನ ಘಾಟು ಮುಚ್ಚಿಕೊಳ್ಳುವ ತಪ್ಪು ಇಲ್ಲಿ ಬಯಲಾಗುತ್ತದೆ. ಆದರೂ ಪೆನ್ಸಿಲ್ವೇನಿಯಾದ ವಿಕ್ಟರಿ 1996ರಲ್ಲಿಯೇ ‘ಪ್ರೈಮಾ ಪಿಲ್ಸ್’ ಹೊರತಂದಿತು. ಕಹಿಯ ಪೈಪೋಟಿಯಿಂದ ದಣಿದ ನಾಲಿಗೆಗಳು ಮುಂದೆ ಅತ್ತ ತಿರುಗಿದವು. 2009ರಲ್ಲಿ ಪುಣೆಯಲ್ಲಿ ಮೈಕ್ರೊಬ್ರೂವರಿ ಆರಂಭವಾದ ಬಳಿಕ ನಮ್ಮ ನಗರಗಳೂ, ವಿಶೇಷವಾಗಿ ಬೆಂಗಳೂರು, ಈ ಕಥೆಯೊಳಗೆ ಬಂದಿವೆ.

ಗ್ರೋಲ್‌ನ ಒಪ್ಪಂದವನ್ನು ಪಿಲ್ಸೆನ್ನಿನವರು 1845ರಲ್ಲಿ ನವೀಕರಿಸಲಿಲ್ಲ. ಅವನು ತನ್ನೂರಾದ ಫಿಲ್ಸ್‌ಹೋಫೆನ್ನಿಗೆ ಮರಳಿದ. ಪಿಲ್ಸೆನ್ನಿನ ಕೀರ್ತಿಯ ಬಿಯರನ್ನು ಮೊದಲು ಮಾಡಿದವನೇ ಹೊರಗಿನವನು. ಹೆಸರಿನ ಮರ್ಯಾದೆ ನಿಲ್ಲುವುದು ಮಾಡುವವರ ತಾಳ್ಮೆಯಿಂದ. ಪರಸ್ಥಳದಲ್ಲಿ ಊರಿನ ಹೆಸರು ಹೊತ್ತು ಬಾಳುವ ನಮಗೆ ಈ ಮಾತು ಪರಕೀಯವೆನಿಸದು.